ಘಟಕರ ಪಾಠ, ಗಡಿನಾಡಿನ ಮೌನ

ಗಡಿನಾಡಿನ ಕನ್ನಡ ಸಮ್ಮೇಳನಗಳ ಆಮಂತ್ರಣ ಪತ್ರಿಕೆಯಲ್ಲಿ ಸಿನಿಮಾಕ್ಕೆ ದೊರೆಯುವ ಸ್ಥಾನ ಬಹುಮಟ್ಟಿಗೆ ಒಂದೇ: ಸಮಾರೋಪಕ್ಕೆ ಬರಬಹುದಾದ ತಾರೆಯ ಭಾವಚಿತ್ರದ್ದು. ಕವಿಗೋಷ್ಠಿಯುಂಟು, ವಿಚಾರಗೋಷ್ಠಿಯುಂಟು, ತಾಳಮದ್ದಳೆಯುಂಟು. ನಮ್ಮ ಬದುಕನ್ನು ನಾವೇ ಚಿತ್ರದಲ್ಲಿ ಹಿಡಿದಿಡಬಹುದೆಂಬ ಯೋಚನೆ ಮಾತ್ರ ಕಾಣದು. ಈ ಉದಾಸೀನವನ್ನು ಪ್ರಶ್ನಿಸುವುದಕ್ಕಾಗಿ ಬಂಗಾಳದ ನಿರ್ದೇಶಕ, ಚಲನಚಿತ್ರ ಗುರು ಋತ್ವಿಕ್ ಘಟಕ್ ಅವರ ಜೀವನವನ್ನು ಸಂಘದ ಬಾಂಧವರ ಮುಂದಿಡುತ್ತಿದ್ದೇನೆ.

ಘಟಕ್ 1925ರ ನವೆಂಬರ್ 4ರಂದು ಢಾಕಾದಲ್ಲಿ ಜನಿಸಿದರು. ಅವರು ಬೆಳೆದ ಪೂರ್ವ ಬಂಗಾಳ 1947ರಲ್ಲಿ ಪರದೇಶವಾಯಿತು. ಮೊದಲು ಸಣ್ಣಕಥೆ ಬರೆದರು. ಕಥೆ ತಲುಪುವ ಓದುಗರು ಸಾಲದೆಂದು ಇಪ್ಟಾ ರಂಗತಂಡ ಸೇರಿದರು. ನಾಟಕದ ಪ್ರೇಕ್ಷಕರೂ ಸಾಲದೆಂದು ಸಿನಿಮಾಕ್ಕೆ ಬಂದರು. ಕಲಾಪ್ರಕಾರದ ಮೇಲಣ ಮೋಹಕ್ಕಿಂತ ಹೆಚ್ಚು ಜನರೊಡನೆ ಮಾತನಾಡಬೇಕೆಂಬ ತುಡಿತ ಅವರಲ್ಲಿ ಬಲವಾಗಿತ್ತು. ‘ಸಾಹಿತ್ಯ ಸಮ್ಮೇಳನದಲ್ಲಿ ಸಿನಿಮಾಕ್ಕೇನು ಕೆಲಸ?’ ಎನ್ನುವವರಿಗೆ ಈ ಪಯಣವೇ ಉತ್ತರ.

ಅವರು ಪೂರ್ಣಗೊಳಿಸಿದ ಕಥಾಚಿತ್ರಗಳು ಎಂಟು. ಮೊದಲನೆಯದಾದ ‘ನಾಗರಿಕ್’ 1952ರಲ್ಲಿ, ಅಂದರೆ ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಗಿಂತ ಮೊದಲೇ ಸಿದ್ಧವಾಗಿತ್ತು, ತೆರೆ ಕಂಡದ್ದು 1977ರಲ್ಲಿ. ಅಷ್ಟರಲ್ಲಿ ನಿರ್ದೇಶಕರೇ ಇರಲಿಲ್ಲ. ‘ಮೇಘೇ ಢಾಕಾ ತಾರಾ’ದಲ್ಲಿ ನಿರಾಶ್ರಿತ ಕುಟುಂಬದ ಹಿರಿಮಗಳು ನೀತಾ ಮನೆಮಂದಿಯನ್ನೆಲ್ಲ ಹೊತ್ತು ಸವೆದುಹೋಗುತ್ತಾಳೆ. ‘ಕೋಮಲ್ ಗಾಂಧಾರ್’ನಲ್ಲಿ ಪದ್ಮಾ ನದಿಯ ದಂಡೆಯವರೆಗೆ ಬಂದ ರೈಲುಹಳಿ ಅಲ್ಲಿಯೇ ತುಂಡಾಗಿ ನಿಲ್ಲುತ್ತದೆ. ಒಂದು ಕಾಲಕ್ಕೆ ಈಚೆಯನ್ನೂ ಆಚೆಯನ್ನೂ ಕೂಡಿಸುತ್ತಿದ್ದ ಹಳಿ ಈಗ ಅಗಲಿಕೆಯ ಗುರುತು. ಕ್ಯಾಮೆರಾ ಆ ಹಳಿಯ ಮೇಲೆ ಓಡುತ್ತ ಹೋಗಿ, ಪರದೆ ಒಮ್ಮೆಗೇ ಕತ್ತಲಾಗುತ್ತದೆ. ವಿಭಜನೆಯ ಬಗ್ಗೆ ನೂರು ಭಾಷಣಗಳು ಹೇಳಲಾರದ್ದನ್ನು ಆ ಕತ್ತಲೆ ಹೇಳುತ್ತದೆ.

ಆ ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಅವರ ಬದುಕಿನಲ್ಲಿ ಸಾಲ, ಕುಡಿತ, ಕಾಯಿಲೆ ಎಲ್ಲವೂ ಇದ್ದವು. 1976ರ ಫೆಬ್ರುವರಿ 6ರಂದು ತೀರಿಕೊಂಡಾಗ ಅವರಿಗೆ ವಯಸ್ಸು ಐವತ್ತು. ಇದಿಷ್ಟನ್ನೇ ಹಿಡಿದು ಕೆಲವರು ಅವರನ್ನು ‘ಸೋತ ಪ್ರತಿಭೆ’ ಎನ್ನುತ್ತಾರೆ. ಇನ್ನು ಕೆಲವರು ಆ ಕುಡಿತವನ್ನೇ ಪ್ರತಿಭೆಯ ಲಕ್ಷಣವೆಂದು ಮೆರೆಸುತ್ತಾರೆ. ಎರಡೂ ಸೋಮಾರಿಗಳ ಮಾತು. ಕುಡಿತ ಅವರನ್ನು ಕೊಂದಿತು, ಅದರಲ್ಲಿ ಮೆರೆಸುವಂಥದ್ದೇನೂ ಇಲ್ಲ. ಆದರೆ ಬಿಮಲ್ ರಾಯ್ ಅವರ ‘ಮಧುಮತಿ’ಗೆ ಕಥೆ ಕೊಟ್ಟ ಕೈಗೆ ಮುಂಬಯಿಯಲ್ಲಿ ಹಣ ಗಳಿಸುವುದು ಅಸಾಧ್ಯವಾಗಿತ್ತೇ? ಅವರು ತಮ್ಮ ಜನರ ನೋವನ್ನು ಆರಿಸಿಕೊಂಡರು. ಅಂಥ ಆಯ್ಕೆಯನ್ನು ಗಲ್ಲಾಪೆಟ್ಟಿಗೆಯ ಲೆಕ್ಕದಿಂದ ಅಳೆಯುವುದು ಸಲ್ಲದು.

ನಿಜವಾದ ಲೆಕ್ಕ ಪುಣೆಯಲ್ಲಿದೆ. ಅರುವತ್ತರ ದಶಕದ ನಡುವೆ ಘಟಕ್ ಅಲ್ಲಿನ ಚಲನಚಿತ್ರ ಸಂಸ್ಥೆಯಲ್ಲಿ ಅಲ್ಪಕಾಲ ಪಾಠ ಹೇಳಿದರು, ಉಪಪ್ರಾಂಶುಪಾಲರೂ ಆಗಿದ್ದರು. ಅವರಿಂದ ಕಲಿತವರಲ್ಲಿ ಮಣಿ ಕೌಲ್, ಕುಮಾರ್ ಶಹಾನಿ, ಜಾನ್ ಅಬ್ರಹಾಂ ಇದ್ದರು. ಶಿಷ್ಯರು ಗುರುವಿನ ಶೈಲಿಯನ್ನು ನಕಲು ಮಾಡಲಿಲ್ಲ. ಮಣಿ ಕೌಲರ ‘ಉಸ್ಕಿ ರೋಟಿ’ಯ ನಿಶ್ಚಲತೆಗೂ ಘಟಕರ ಉದ್ವೇಗಕ್ಕೂ ಹೋಲಿಕೆಯೇ ಇಲ್ಲ. ತನ್ನಂತೆ ಆಗದ ಶಿಷ್ಯರನ್ನು ಬೆಳೆಸುವುದೇ ಗುರುತ್ವದ ಒರೆಗಲ್ಲು.

ಆ ಶಿಷ್ಯರಲ್ಲಿ ಜಾನ್ ಅಬ್ರಹಾಂ ನಮ್ಮ ನೆರೆಯವರೇ. ಕೇರಳಕ್ಕೆ ಮರಳಿದ ಅವರು 1984ರಲ್ಲಿ ಗೆಳೆಯರೊಡನೆ ‘ಒಡೆಸ್ಸಾ’ ಎಂಬ ಕೂಟ ಕಟ್ಟಿದರು. ನಿರ್ಮಾಪಕನ ಬಾಗಿಲಿಗೆ ಹೋಗಲಿಲ್ಲ. ಊರೂರು ತಿರುಗಿ, ಸಾಮಾನ್ಯ ಜನರಿಂದ ಸಣ್ಣ ಸಣ್ಣ ಕಾಣಿಕೆ ಕೂಡಿಸಿ 1986ರಲ್ಲಿ ‘ಅಮ್ಮ ಅರಿಯಾನ್’ ಚಿತ್ರವನ್ನು ಮುಗಿಸಿದರು. ಅದನ್ನು ಮತ್ತೆ ಊರೂರಿಗೆ ಒಯ್ದು ತೋರಿಸಿದರು. ವಯನಾಡಿನಿಂದ ಹೊರಟ ಯುವಕನೊಬ್ಬ, ಸತ್ತ ಗೆಳೆಯನ ಸುದ್ದಿಯನ್ನು ಅವನ ತಾಯಿಗೆ ಮುಟ್ಟಿಸಲು ಕೊಚ್ಚಿಯವರೆಗೆ ಹೋಗುವ ಕಥೆ ಅದು. ದಾರಿಯುದ್ದಕ್ಕೂ ಜನ ಜೊತೆಗೂಡುತ್ತಾರೆ. ಚಿತ್ರದೊಳಗಣ ಆ ನಡಿಗೆಯೂ ಚಿತ್ರಕ್ಕಾಗಿ ನಡೆದ ನಡಿಗೆಯೂ ಒಂದೇ ಬಗೆಯವು.

ಈಗ ನಮ್ಮ ಕಡೆ ನೋಡೋಣ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಬಂಗಾಳದಂತೆ ಇಲ್ಲಿ ರಕ್ತ ಹರಿಯಲಿಲ್ಲ, ಜನ ಮನೆ ತೊರೆಯಲಿಲ್ಲ. ಎರಡನ್ನೂ ಸರಿದೂಗಿಸುವುದು ಅವರ ದುಃಖಕ್ಕೆ ಮಾಡುವ ಅವಮಾನ. ನಾವು ಇದ್ದಲ್ಲಿಯೇ ಇದ್ದೆವು, ಗೆರೆ ನಮ್ಮನ್ನು ದಾಟಿ ಹೋಯಿತು. ಕಯ್ಯಾರ ಕಿಞ್ಞಣ್ಣ ರೈಗಳಂಥವರು ಹೋರಾಡಿದರು. ಚಂದ್ರಗಿರಿ ಹೊಳೆಯ ಉತ್ತರದ ನೆಲ ಕರ್ನಾಟಕಕ್ಕೆ ಸಲ್ಲಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು. ವರದಿ ಕಡತದಲ್ಲಿ ಉಳಿಯಿತು. ಅಂದಿನಿಂದ ನಾವು ಮನವಿ ಬರೆಯುತ್ತಲೇ ಇದ್ದೇವೆ.

ಮನವಿ ಬೇಡವೆನ್ನುತ್ತಿಲ್ಲ. ಆದರೆ ಮನವಿಯಲ್ಲಿ ಹಕ್ಕು ಇರುತ್ತದೆ, ಬದುಕು ಇರುವುದಿಲ್ಲ. ಆ ನವೆಂಬರಿನ ಬೆಳಗ್ಗೆ ಶಾಲೆಯಲ್ಲಿ ಮಾಸ್ತರರು ಏನೆಂದರು, ಕಚೇರಿಯ ಕಾಗದ ಓದಲಾಗದೆ ಹಿರಿಯರು ಯಾರನ್ನು ಆಶ್ರಯಿಸಿದರು, ತುಳು, ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ ಆಡುವ ನೆರೆಹೊರೆಯವರು ಹೇಗೆ ಒಟ್ಟಿಗೆ ಬಾಳಿದರು? ಇದನ್ನು ಹೇಳಬಲ್ಲವರು ಬೆರಳೆಣಿಕೆಗೆ ಇಳಿಯುತ್ತಿದ್ದಾರೆ. ಅಂದು ಇಪ್ಪತ್ತರ ಹರೆಯದವರಿಗೆ ಇಂದು ತೊಂಬತ್ತರ ಆಸುಪಾಸು. ಕಯ್ಯಾರರೇ ನೂರು ತುಂಬಿ 2015ರಲ್ಲಿ ಅಗಲಿದರು. ಮುಂದಿನ ಸಮ್ಮೇಳನದ ಶ್ರದ್ಧಾಂಜಲಿ ಪಟ್ಟಿಯಲ್ಲಿ ಒಂದೊಂದು ಹೆಸರು ಸೇರಿದಂತೆಲ್ಲ ಒಂದೊಂದು ಸಾಕ್ಷ್ಯ ಅಳಿಯುತ್ತದೆ. ಸಂತಾಪ ಸೂಚಿಸಿ ಎರಡು ನಿಮಿಷ ಎದ್ದು ನಿಂತರೆ ಅದು ಮರಳಿ ಬರುವುದೇ?

‘ಹಣವೆಲ್ಲಿ?’ ಎಂಬ ಪ್ರಶ್ನೆ ಬರುತ್ತದೆ. ಒಡೆಸ್ಸಾದವರು ಫಿಲ್ಮ್ ರೀಲಿಗೂ ಸಂಸ್ಕರಣೆಗೂ ದುಡ್ಡು ತೆರಬೇಕಾಗಿದ್ದ ಕಾಲದಲ್ಲಿ ಚಿತ್ರ ಮಾಡಿದರು. ಇಂದು ಮನೆಮನೆಯ ಮೊಬೈಲಿನಲ್ಲಿ ಕ್ಯಾಮೆರಾ ಇದೆ. ಕಡಿಮೆ ಇರುವುದು ಕಲಿಸುವವರು ಮಾತ್ರ. ‘ಸರಕಾರ ಮಾಡಲಿ’ ಎಂಬುದು ಇನ್ನೊಂದು ಮಾತು. ಯಾವ ಸರಕಾರ? ತಿರುವನಂತಪುರದ್ದೋ, ಬೆಂಗಳೂರಿನದ್ದೋ? ಇಬ್ಬರನ್ನೂ ಕಾದದ್ದು ಸಾಲದೇ? ಇನ್ನು ‘ಮಲಯಾಳಿಗಳಿಂದ ನಾವೇನು ಕಲಿಯುವುದು?’ ಎಂದು ಮೂಗು ಮುರಿಯುವವರಿಗೆ ಒಂದೇ ಉತ್ತರ: ಆಡಳಿತದೊಡನೆ ಇರುವ ಜಗಳವನ್ನು ಕಲೆಗೆ ಅಂಟಿಸಬಾರದು. ಬಂಗಾಳಿ ಗುರುವಿನಿಂದ ಮಲಯಾಳಿ ಶಿಷ್ಯ ಕಲಿತ. ಅವನಿಂದ ಕನ್ನಡಿಗ ಕಲಿತರೆ ಕನ್ನಡಕ್ಕೇನೂ ಕುಂದಿಲ್ಲ.

ಆದುದರಿಂದ ಸಂಘದ ಮುಂದೆ ಬೇಡಿಕೆ ಸ್ಪಷ್ಟವಾಗಿದೆ. ಶಾಲು, ಹಾರ, ಸ್ಮರಣಿಕೆಗಳಿಗೆ ಆಗುವ ಖರ್ಚಿನ ಒಂದು ಪಾಲನ್ನು ತೆಗೆದಿಡಿ. ಬೇಸಗೆ ರಜೆಯಲ್ಲಿ ಕನ್ನಡ ಶಾಲೆಯ ಮಕ್ಕಳಿಗೆ ಚಲನಚಿತ್ರ ಶಿಬಿರ ನಡೆಸಿ. ಕ್ಯಾಮೆರಾ ಹಿಡಿಯುವುದಕ್ಕಿಂತ ಮೊದಲು ಹಿರಿಯರ ಎದುರು ಕುಳಿತು ಕೇಳುವುದನ್ನು ಕಲಿಸಿ. ಪ್ರತಿ ಮಗು ಒಬ್ಬ ಅಜ್ಜನ, ಒಬ್ಬ ಅಜ್ಜಿಯ ಮಾತನ್ನು ದಾಖಲಿಸಲಿ. ಮುಂದಿನ ಸಮ್ಮೇಳನದಲ್ಲಿ ತಾರೆಗೆ ಮೀಸಲಿಟ್ಟ ಒಂದು ಗಂಟೆಯನ್ನು ಆ ಚಿತ್ರಗಳಿಗೆ ಕೊಡಿ. ಪರದೆಗೆ ಬಿಳಿ ಪಂಚೆ ಸಾಕು. ಅದರ ಮೇಲೆ ಮೊದಲು ಮೂಡುವ ಮುಖ ನಮ್ಮ ಊರಿನದೇ ಆಗಿರಲಿ.