ತಿದ್ದಬೇಕಾದದ್ದು ನನ್ನ ಷರಾ

ಅಭ್ಯಾಸ ಬೋಧನೆಗೆ ಹಲಸೂರಿನ ಪ್ರೌಢಶಾಲೆಯೊಂದಕ್ಕೆ ಹೋಗಿದ್ದ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಮೊಬೈಲನ್ನು ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿ ಕರೆ ಮಾಡಿಸಿದರು. ರಿಂಗಾಗಲಿಲ್ಲ. ‘ಲೋಹ ಅಲೆಗಳನ್ನು ತಡೆಯುತ್ತದೆ’ ಎಂದು ಬೋರ್ಡಿನ ಮೇಲೆ ಬರೆದರು. ಹಿಂದಿನ ಬೆಂಚಿನ ಹುಡುಗಿ ಖಾಲಿ ಚಿಪ್ಸ್ ಪ್ಯಾಕೆಟ್ ತೋರಿಸಿ, “ಮಿಸ್, ಇದರೊಳಗೂ ಬೆಳ್ಳಿ ಥರ ಇದೆಯಲ್ಲ, ಇದರಲ್ಲಿ ಇಟ್ಟರೆ?” ಎಂದಳು. ಇಟ್ಟರು. ಫೋನ್ ರಿಂಗಾಯಿತು, ತರಗತಿ ನಕ್ಕಿತು. ವೀಕ್ಷಣಾ ಪುಸ್ತಕದಲ್ಲಿ ನಾನು ‘ಪ್ರಯೋಗ ವಿಫಲ’ ಎಂದು ಬರೆದೆ.

ಆ ಷರಾ ತಪ್ಪು. ಲೋಹ ಸುಮ್ಮನೆ ನಿಂತ ಗೋಡೆಯಲ್ಲ. ಮೈಕ್ರೋವೇವ್ ತಾಗಿದಾಗ ಅದರ ಮುಕ್ತ ಎಲೆಕ್ಟ್ರಾನುಗಳು ಓಲಾಡುತ್ತವೆ. ಆ ಓಲಾಟದಿಂದ ಹುಟ್ಟುವ ಹೊಸ ಅಲೆ, ಮುಂದೆ ಸಾಗುವ ಅಲೆಯನ್ನು ಬಹುತೇಕ ಅಳಿಸಿಹಾಕುತ್ತದೆ. ಹಿಂದಕ್ಕೆ ಹೋದದ್ದೇ ಪ್ರತಿಫಲನ. 2 ಗಿಗಾಹರ್ಟ್ಸ್‌ನ ಅಲೆ ಅಲ್ಯೂಮಿನಿಯಂನೊಳಗೆ 2 ಮೈಕ್ರೋಮೀಟರ್ ಇಳಿಯುವಷ್ಟರಲ್ಲಿ ಮೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಫಾಯಿಲ್ 10 ಮೈಕ್ರೋಮೀಟರಿಗಿಂತ ದಪ್ಪ. ಪ್ಯಾಕೆಟ್ಟಿನ ಲೇಪ ಅದರ ನೂರನೇ ಒಂದು ಪಾಲೂ ಇಲ್ಲ. ಆದರೂ ಅಷ್ಟು ತೆಳುವಾದ ಪದರದ ಎಲೆಕ್ಟ್ರಾನುಗಳೇ ಅಲೆಯ ಬಹುಪಾಲನ್ನು ಹಿಂದಿರುಗಿಸಬಲ್ಲವು.

ಹಾಗಾದರೆ ಫೋನ್ ರಿಂಗಾದದ್ದೇಕೆ? ಪ್ಯಾಕೆಟ್ಟಿನ ಬಾಯಿ ತೆರೆದೇ ಇತ್ತು. ಬಾಯಿ ಮಡಚಿ ಇನ್ನೊಮ್ಮೆ, ಫಾಯಿಲ್ಲನ್ನೂ ಒಂದು ಕಡೆ ತೆರೆದಿಟ್ಟು ಮತ್ತೊಮ್ಮೆ ನೋಡಿದ್ದರೆ, ಕಾರಣ ತೆಳುವೋ ತೆರವೋ ಎಂದು ಮಕ್ಕಳೇ ಹುಡುಕುತ್ತಿದ್ದರು. ಪಾಠ ಯೋಜನೆಯಲ್ಲಿ ಅದಕ್ಕೆ ಸಮಯವಿರಲಿಲ್ಲ; ಆ ಯೋಜನೆಗೆ ಒಪ್ಪಿಗೆಯ ಸಹಿ ಹಾಕಿದವಳು ನಾನೇ.

ಆ ಶಾಲೆಯಿಂದ ಕೆಲವೇ ಕಿಲೋಮೀಟರ್ ದೂರದ ಸಿ.ವಿ. ರಾಮನ್ ನಗರದಲ್ಲಿ ರಾಡಾರ್ ರೂಪಿಸುವ ಎಲ್‌ಆರ್‌ಡಿಇ ಇದೆ. ಅಲ್ಲಿಗೆ ಹೋಗುವ ದಾರಿ ಹಿಂದಿನ ಬೆಂಚಿನಿಂದಲೂ ಶುರುವಾಗಬಹುದು. ಪ್ರಶ್ನೆಗೆ ಐದು ನಿಮಿಷ ಬಿಡದ ಯೋಜನೆಗೆ ನಾವು ಪೂರ್ಣ ಅಂಕ ಕೊಡಬಾರದು.