ಬೆಳಕು ಯಾರ ಕಣ್ಣಿಗೆ?

ನಮ್ಮ ಮುಂಬಯಿಯ ಹುಡುಗರಲ್ಲಿ, ರಾತ್ರಿ ಕಾರಿನಲ್ಲಿ ಊರಿಗೆ ಹೊರಡುವವರಲ್ಲಂತೂ, ಹೊಸ ಹುಚ್ಚೊಂದು ಕಾಣುತ್ತಿದೆ. ಕಾರಿನ ಮೂತಿಗೋ ನೆತ್ತಿಗೋ ಎಲ್.ಇ.ಡಿ. ದೀಪಗಳ ಉದ್ದನೆಯ ಪಟ್ಟಿ, ಅಂದರೆ ಲೈಟ್ ಬಾರ್, ಕೂರಿಸುವುದು. ಕೊಳ್ಳುವುದು ಬೇಡ, ನಾವೇ ಕಟ್ಟೋಣ ಅನ್ನುವವರೂ ಇದ್ದಾರೆ. ಈ ಎರಡನೆಯವರ ಮೇಲೆ ನನಗೆ ಗೌರವವಿದೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಅಲೆದು ಸಾಮಾನು ಆರಿಸಿ ತಂದು ಜೋಡಿಸುವಾಗ ಕಲಿಯುವ ವಿದ್ಯೆ, ಲ್ಯಾಬಿನಲ್ಲಿ ಪಕ್ಕದವನ ರೀಡಿಂಗ್ ನೋಡಿ ಬರೆದರೆ ಬರುವುದಿಲ್ಲ.

ಲೆಕ್ಕ ಸುಲಭ. 120 ವಾಟಿನ ಪಟ್ಟಿಗೆ 12 ವೋಲ್ಟಿನ ಬ್ಯಾಟರಿಯಿಂದ 10 ಆಂಪಿಯರ್ ಹರಿಯಬೇಕು. ಅಷ್ಟನ್ನೂ ಪುಟ್ಟ ಸ್ವಿಚ್ಚಿನ ಮೂಲಕ ಎಳೆದರೆ ಸ್ವಿಚ್ಚು ಸುಟ್ಟೀತು. ಅದಕ್ಕೇ ರಿಲೇ ಬೇಕು: ಸ್ವಿಚ್ಚು ಬರೀ ಅಪ್ಪಣೆ ಕೊಡುತ್ತದೆ, ಭಾರ ಹೊರುವುದು ರಿಲೇ. 15 ಆಂಪಿಯರಿನ ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ದೂರವಿಟ್ಟರೆ, ನಡುವಿನ ತಂತಿ ಸವೆದು ಕಾರಿನ ಲೋಹಕ್ಕೆ ತಗಲಿದಾಗ ಬೆಂಕಿಯೇ ಗತಿ. ಎಲ್.ಇ.ಡಿ.ಯೂ ಬಿಸಿಯಾಗುತ್ತದೆ, ಆ ಬಿಸಿಯನ್ನು ಹೊರಹಾಕಲು ಹಿಂದೆ ಅಲ್ಯೂಮಿನಿಯಂ ಇಲ್ಲದಿದ್ದರೆ ದೀಪ ಬೇಗ ಮಂಕಾಗುತ್ತದೆ.

ಇಷ್ಟೆಲ್ಲ ಮಾಡಿದವನು ಜಾಣ, ಒಪ್ಪಿದೆ. ಆದರೆ ಕೆಲಸ ಮುಗಿಯಿತೇ? ಇಲ್ಲವೆಂಬುದೇ ನನ್ನ ವಾದ. ಎದುರಿನಿಂದ ಬೈಕಿನಲ್ಲಿ ಒಬ್ಬ ಬರುತ್ತಿದ್ದಾನೆನ್ನಿ. ನಿಮ್ಮ ಬೆಳಕು ಬಿದ್ದ ಅವನ ಕಣ್ಣು ಸುಧಾರಿಸಿಕೊಳ್ಳಲು ಕೆಲವು ಸೆಕೆಂಡಾದರೂ ಬೇಕು. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ 3 ಸೆಕೆಂಡಿಗೆ 50 ಮೀಟರ್. ಅಷ್ಟು ದೂರ ಅವನು ಕುರುಡನಾಗಿ ಬರುತ್ತಾನೆ, ಅದೂ ನಿಮ್ಮ ಕಡೆಗೇ! ದೀಪದ ಬುಡದಲ್ಲಿ ಕತ್ತಲೆ ಅಂತೀವಿ. ಇಲ್ಲಿ ಕತ್ತಲೆ ದೀಪದ ಎದುರಿಗೇ ಇದೆ.

“ಎಲ್ಲರೂ ಹಾಕ್ತಾರಲ್ಲ ಮಾರಾಯ್ರೆ, ಘಟ್ಟದಲ್ಲಿ ದಾರಿ ಕಾಣಬೇಡವೇ?” ಎಂದು ಕೇಳುವವರುಂಟು. ಮಳೆಗಾಲದ ಘಟ್ಟದಲ್ಲಿ ಮಂಜು ಕವಿದಾಗ ನೆತ್ತಿಯ ಮೇಲಿನ ಪಟ್ಟಿ ಹಚ್ಚಿ ನೋಡಿ. ನೀರಿನ ಹನಿಗಳಿಗೆ ಬಡಿದ ಬೆಳಕು ನಿಮ್ಮ ಕಣ್ಣಿಗೇ ವಾಪಸು ಬರುತ್ತದೆ. ಕಾಣುವುದು ಬಿಳಿ ಗೋಡೆ ಮಾತ್ರ.

ಕಾನೂನೂ ಸುಮ್ಮನಿಲ್ಲ. ನೋಂದಣಿ ಅಧಿಕಾರಿಯ ಒಪ್ಪಿಗೆಯಿಲ್ಲದೆ ವಾಹನದ ಮುಂದೆ ಸ್ಪಾಟ್ ಲೈಟ್, ಸರ್ಚ್ ಲೈಟ್ ಕೂರಿಸಬಾರದೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿದೆ. 2024ರ ಜುಲೈಯಲ್ಲಿ ಕರ್ನಾಟಕದ ಪೊಲೀಸರು ಕಣ್ಣು ಕುಕ್ಕುವ ಎಲ್.ಇ.ಡಿ. ದೀಪಗಳ ಮೇಲೆ ಕೇಸು ಹಾಕತೊಡಗಿದರು. ದಂಡ ಕಟ್ಟಿ ಮುಂದೆ ಹೋಗಬಹುದು. ಹಳ್ಳಕ್ಕೆ ಬಿದ್ದ ಬೈಕಿನವನಿಗೆ ಏನು ಕಟ್ಟಿಕೊಡುತ್ತೀರಿ?

ಹಾಗಾದರೆ ಕಟ್ಟಲೇಬಾರದೇ? ಕಟ್ಟಿ! ತೋಟದಲ್ಲಿ, ಗದ್ದೆಯಂಚಿನಲ್ಲಿ, ಸ್ವಂತ ಜಮೀನಿನ ಹಾದಿಯಲ್ಲಿ ಉರಿಸಿ. ಹೆದ್ದಾರಿಗೆ ಬಂದಾಗ ಆರಿಸಿ, ಮೇಲೆ ಮುಚ್ಚಳ ಹಾಕಿ. ರಿಲೇಗೆ ಹೋಗುವ ಅಪ್ಪಣೆಯನ್ನು ಹೈ ಬೀಮಿನ ತಂತಿಯಿಂದಲೇ ತೆಗೆಯಿರಿ. ಆಗ ಡಿಪ್ ಮಾಡಿದೊಡನೆ ಪಟ್ಟಿಯೂ ತಾನಾಗಿ ಆರುತ್ತದೆ. ಆರಿಸುವ ವ್ಯವಸ್ಥೆಯಿಲ್ಲದ ದೀಪವನ್ನು ಅರ್ಧ ಕಟ್ಟಿದ ದೀಪವೆಂದೇ ತಿಳಿಯಬೇಕು.

ಕೊನೆಗೊಂದು ಪರೀಕ್ಷೆ. ಪಟ್ಟಿ ಸಿದ್ಧವಾದ ದಿನ ಗೆಳೆಯನನ್ನು ಕಾರಿನಲ್ಲಿ ಕೂರಿಸಿ, ನೀವು ಎದುರಿಗೆ ಹೋಗಿ ನಿಲ್ಲಿ. ಅವನು ಸ್ವಿಚ್ಚು ಒತ್ತಲಿ. ಆಮೇಲೆ ನೀವೇ ಹೇಳಿ, ನಿಮ್ಮ ದೀಪ ಹೇಗಿದೆ ಅಂತ.