ಮುಳುಗಿದ ಕಾರು, ಮುಚ್ಚಿಟ್ಟ ಮಾತು

ಹೊಸದಾಗಿದ್ದಾಗ ಅರ್ಧ ಕೋಟಿ ಬೆಲೆಬಾಳುತ್ತಿದ್ದ ಜರ್ಮನ್ ಕಾರು ಕೆಲವೇ ವರ್ಷಗಳಲ್ಲಿ ಸಾಧಾರಣ ಮಾರುತಿಯೊಂದರ ಬೆಲೆಗೆ ಸಿಗುವುದಾದರೆ ಯಾರಿಗೆ ತಾನೇ ಆಸೆ ಹುಟ್ಟದು? ಕೊಳ್ಳೇಗಾಲ, ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟದ ಹಾದಿಯಲ್ಲಿರುವ ಕೌದಳ್ಳಿಯಂತಹ ಊರಿಗೂ ಈಗ ದಲ್ಲಾಳಿಯ ಮೊಬೈಲಿನಲ್ಲಿ ಇಂತಹ ಕಾರುಗಳ ಚಿತ್ರಗಳು ಬಂದು ತಲುಪುತ್ತವೆ. ಕೊಲ್ಲಿ ರಾಷ್ಟ್ರದಲ್ಲಿ ದುಡಿದು ತಂದ ಉಳಿತಾಯವೋ, ರೇಷ್ಮೆ ವ್ಯಾಪಾರದ ಲಾಭವೋ ಕೈಯಲ್ಲಿರುತ್ತದೆ. ಮನೆಯಲ್ಲಿ ಮದುವೆ ನಿಶ್ಚಯವಾಗಿರುತ್ತದೆ. ಬಣ್ಣ ಹೊಳೆಯುತ್ತದೆ, ಆಸನಕ್ಕೆ ಚರ್ಮದ ಹೊದಿಕೆ ಇದೆ, ಆರ್‌ಸಿ ಪುಸ್ತಕ ಸ್ವಚ್ಛವಾಗಿದೆ. ಇನ್ನೇನು ಬೇಕು?

ನಮಗೆ ಭಯ ಇರುವುದು ಆ ಸ್ವಚ್ಛ ಆರ್‌ಸಿಯ ಬಗ್ಗೆಯೇ.

ಅಪಘಾತದಲ್ಲಿ ನಜ್ಜುಗುಜ್ಜಾದ ಅಥವಾ ನೆರೆಯಲ್ಲಿ ಮುಳುಗಿದ ವಾಹನವನ್ನು ವಿಮಾ ಕಂಪನಿಯ ಸರ್ವೇಯರ್ ಪರಿಶೀಲಿಸುತ್ತಾನೆ. ರಿಪೇರಿಯ ವೆಚ್ಚವು ವಿಮೆಯಲ್ಲಿ ಘೋಷಿಸಿದ ಮೌಲ್ಯದ ಶೇ. 75ನ್ನು ಮೀರಿದರೆ ಅದನ್ನು 'ಟೋಟಲ್ ಲಾಸ್' ಎಂದು ಪರಿಗಣಿಸಲಾಗುತ್ತದೆ. ಉದಾಹರಣೆಗೆ, 30 ಲಕ್ಷದ ಮೌಲ್ಯವಿರುವ ಕಾರಿಗೆ ಇಪ್ಪತ್ತೆರಡೂವರೆ ಲಕ್ಷಕ್ಕಿಂತ ಹೆಚ್ಚಿನ ರಿಪೇರಿ ಬಂದರೆ ಕಂಪನಿಯು ಮಾಲೀಕನ ಲೆಕ್ಕ ಚುಕ್ತಾ ಮಾಡಿ ಕೈತೊಳೆದುಕೊಳ್ಳುತ್ತದೆ. ಆದರೆ ಕಾರು ಗುಜರಿಗೆ ಹೋಗುವುದಿಲ್ಲ. ಹರಾಜಿನಲ್ಲಿ ಅಗ್ಗಕ್ಕೆ ಬಿಕರಿಯಾಗಿ, ಯಾವುದೋ ಗ್ಯಾರೇಜಿನಲ್ಲಿ ಹಳೆಯ ಬಿಡಿಭಾಗಗಳಿಂದ ಮರುಹುಟ್ಟು ಪಡೆದು, ಎರಡು ಮೂರು ಕೈ ದಾಟಿ ಮತ್ತೆ ಮಾರುಕಟ್ಟೆಗೆ ಬರುತ್ತದೆ. 2015ರ ಡಿಸೆಂಬರಿನ ಚೆನ್ನೈ ನೆರೆಯಲ್ಲಿ ಮುಳುಗಿದ ವಾಹನಗಳೆಷ್ಟು! 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಯಮಲೂರಿನ ಸಿರಿವಂತರ ಬಡಾವಣೆಗಳಲ್ಲಿ ಕೋಟಿ ಬೆಲೆಯ ಕಾರುಗಳು ನೀರಿನಲ್ಲಿ ನಿಂತಿದ್ದ ಚಿತ್ರಗಳನ್ನು ದೇಶವೇ ನೋಡಿತು. ಆ ಕಾರುಗಳೆಲ್ಲ ಈಗ ಎಲ್ಲಿವೆ ಎಂದು ಯಾರಾದರೂ ಕೇಳಿದ್ದಾರೆಯೇ?

ಅಮೆರಿಕದ ರಾಜ್ಯಗಳಲ್ಲಿ ಇಂತಹ ವಾಹನದ ಒಡೆತನದ ಪತ್ರದ ಮೇಲೆಯೇ ಅದು ಒಮ್ಮೆ ಹಾಳಾಗಿ ಮರುನಿರ್ಮಾಣಗೊಂಡದ್ದು ಎಂದು ನಮೂದಿಸುವ ಪದ್ಧತಿ ಇದೆ. ಕೊಳ್ಳುವವನು ತಿಳಿದೇ ಕೊಳ್ಳುತ್ತಾನೆ, ಬೆಲೆಯೂ ಅದಕ್ಕೆ ತಕ್ಕಂತೆ ಇಳಿಯುತ್ತದೆ. ನಮ್ಮ ಆರ್‌ಸಿಯಲ್ಲಿ ಅಂತಹ ಕಾಲಮ್ಮೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನ ಪ್ರಕಾರ, ನಾಶವಾದ ಅಥವಾ ಶಾಶ್ವತವಾಗಿ ಬಳಕೆಗೆ ಬಾರದ ವಾಹನದ ಮಾಲೀಕನು 14 ದಿನಗಳೊಳಗೆ ನೋಂದಣಾಧಿಕಾರಿಗೆ ತಿಳಿಸಿ ಆರ್‌ಸಿಯನ್ನು ಒಪ್ಪಿಸಬೇಕು. ಆದರೆ ವಿಮಾ ಕಂಪನಿಯ 'ಟೋಟಲ್ ಲಾಸ್' ಎನ್ನುವುದು ಕೇವಲ ಹಣದ ಲೆಕ್ಕ. ಕಾನೂನಿನ 'ಶಾಶ್ವತವಾಗಿ ಬಳಕೆಗೆ ಬಾರದ' ಎಂಬುದು ಬೇರೆಯೇ ಮಾತು. ಈ ಎರಡರ ನಡುವಿನ ಕಂಡಿಯಲ್ಲಿ ಒಂದು ವ್ಯಾಪಾರವೇ ಬೆಳೆದು ನಿಂತಿದೆ. ಇನ್ನೂ ಘೋರವಾದುದೆಂದರೆ, ಹಾಳಾದ ಕಾರಿನ ಆರ್‌ಸಿಯನ್ನು ಕೊಂಡು, ಅದೇ ಮಾದರಿಯ ಕದ್ದ ಕಾರಿಗೆ ಆ ಚಾಸಿ ಸಂಖ್ಯೆಯನ್ನು ಕೊರೆದು ಮಾರುವ ಜಾಲಗಳೂ ಪೊಲೀಸರ ಕೈಗೆ ಸಿಕ್ಕಿವೆ. ಅಂತಹ ಕಾರು ಜಪ್ತಿಯಾದ ದಿನ ಕೊಂಡವನ ಹಣವೂ ಹೋಗುತ್ತದೆ, ಮಾನವೂ ಹೋಗುತ್ತದೆ.

ಹಳೆಯ ಅಂಬಾಸಿಡರ್ ನೀರಿನಲ್ಲಿ ನಿಂತರೂ ಒಣಗಿಸಿ ಓಡಿಸಬಹುದಿತ್ತು. ಇಂದಿನ ಐಷಾರಾಮಿ ಕಾರು ಹಾಗಲ್ಲ. ಅದರ ವೈರಿಂಗ್, ಕಂಪ್ಯೂಟರ್ ಘಟಕಗಳು ಆಸನದ ಅಡಿಯಲ್ಲಿ, ನೆಲಹಾಸಿನ ಕೆಳಗೆ, ಡಿಕ್ಕಿಯಲ್ಲಿ ಹರಡಿಕೊಂಡಿರುತ್ತವೆ. ಒಳಹೊಕ್ಕ ತೇವ ಅಲ್ಲಿನ ಸಂಪರ್ಕಗಳನ್ನು ತಿಂಗಳುಗಟ್ಟಲೆ ನಿಧಾನವಾಗಿ ತಿನ್ನುತ್ತದೆ. ಅಪಘಾತದಲ್ಲಿ ಒಮ್ಮೆ ಸಿಡಿದ ಏರ್‌ಬ್ಯಾಗಿನ ಜಾಗದಲ್ಲಿ ಹೊಸದನ್ನು ಹಾಕುವುದು ದುಬಾರಿಯಾದ್ದರಿಂದ ಬರಿದೇ ಮುಚ್ಚಳ ಕೂಡಿಸಿ, ಎಚ್ಚರಿಕೆಯ ದೀಪ ಹೊತ್ತದಂತೆ ಮಾಡುವ ಕುಶಲಿಗಳೂ ಇದ್ದಾರೆ. ತಾಳಬೆಟ್ಟ ದಾಟಿದ ಮೇಲಿನ ಘಾಟಿ ತಿರುವುಗಳಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವನಿಗೆ ಇದರ ಅರ್ಥವೇನೆಂದು ವಿವರಿಸಬೇಕೇ? ಅಲ್ಲಿ ಕೆಟ್ಟು ನಿಂತರೆ ಲಾರಿಯ ಮೇಲೆ ಹೇರಿಕೊಂಡು ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು. ಅಗ್ಗಕ್ಕೆ ಬಂದ ಕಾರಿನ ಒಂದು ಬಿಡಿಭಾಗದ ಬೆಲೆ ಮಾತ್ರ ಅಗ್ಗವಾಗಿರುವುದಿಲ್ಲ.

ಹಳೆಯ ವಾಹನಗಳ ವ್ಯಾಪಾರದಲ್ಲಿಯೂ ಗ್ಯಾರೇಜ್ ಕೆಲಸದಲ್ಲಿಯೂ ನಮ್ಮ ಸಮುದಾಯದವರು ಬಹಳಷ್ಟಿದ್ದಾರೆ. ಆದ್ದರಿಂದ ಈ ಮಾತನ್ನು ಕೊಳ್ಳುವವರಿಗಿಂತ ಮಾರುವವರಿಗೆ ಹೇಳುವುದೇ ಹೆಚ್ಚು ಅಗತ್ಯ. ಮದೀನಾದ ಸಂತೆಯಲ್ಲಿ ಪ್ರವಾದಿಯವರು(ಸ) ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳುಗಳಿಗೆ ತೇವ ತಗುಲಿದ ಘಟನೆ ಮದ್ರಸದ ಮಕ್ಕಳಿಗೂ ಗೊತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ನೆನೆದುದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲವೆಂದು ಅವರು ಕೇಳಿದರು. ಮಳೆಯಲ್ಲಿ ನೆನೆದದ್ದು ಆತನ ತಪ್ಪಾಗಿರಲಿಲ್ಲ, ಮಾರುವುದಕ್ಕೂ ನಿಷೇಧವಿರಲಿಲ್ಲ. ಒದ್ದೆಯನ್ನು ಒಣಗಿದ್ದರ ಕೆಳಗೆ ಮರೆಮಾಡಿದ್ದೇ ಅಪರಾಧವಾಯಿತು. ನೆರೆಯಲ್ಲಿ ಮುಳುಗಿದ ಕಾರಿಗೆ ಹೊಸ ನೆಲಹಾಸು ಹಾಸಿ ಮಾರುವುದಕ್ಕೂ ಇದಕ್ಕೂ ವ್ಯತ್ಯಾಸವೇನು? ಮುಚ್ಚಿಟ್ಟ ದೋಷ ತಿಳಿದಾಗ ಸರಕನ್ನು ಹಿಂತಿರುಗಿಸಿ ಹಣ ಪಡೆಯುವ ಹಕ್ಕನ್ನು ಫಿಕ್ಹ್ 'ಖಿಯಾರುಲ್ ಐಬ್' ಎಂಬ ಹೆಸರಿನಲ್ಲಿ ಕೊಳ್ಳುವವನಿಗೆ ನೀಡಿದೆ. ದೇಶದ 1872ರ ಕರಾರು ಕಾಯ್ದೆಯೂ ತಿಳಿದಿರುವ ಸಂಗತಿಯನ್ನು ಬೇಕೆಂದೇ ಮರೆಮಾಡುವುದನ್ನು ವಂಚನೆ ಎಂದೇ ಕರೆಯುತ್ತದೆ. 'ಇದ್ದ ಸ್ಥಿತಿಯಲ್ಲಿ ಮಾರಿದ್ದೇನೆ' ಎಂಬ ಒಂದು ಸಾಲಿನಿಂದ ಮನಸ್ಸಾಕ್ಷಿ ಹಗುರವಾಗುತ್ತದೆಂದು ಭಾವಿಸಿದವರು ಆ ತೇವದ ಧಾನ್ಯವನ್ನು ಮತ್ತೊಮ್ಮೆ ನೆನೆಯಲಿ.

ಹಾಗಾದರೆ ಇಂತಹ ಕಾರನ್ನು ಕೊಳ್ಳಲೇಬಾರದೇ? ಸರ್ವೇಯರನ ವರದಿ, ರಿಪೇರಿಯ ಬಿಲ್ಲುಗಳು, ಹಾಕಿದ ಬಿಡಿಭಾಗಗಳ ವಿವರ ಎಲ್ಲವನ್ನೂ ಮುಂದಿಟ್ಟು ಅದಕ್ಕೆ ತಕ್ಕ ಬೆಲೆ ಹೇಳುವವನಿದ್ದರೆ ಆ ವ್ಯಾಪಾರದಲ್ಲಿ ತಪ್ಪಿಲ್ಲ. ಅಂತಹವರು ವಿರಳ. ಉಳಿದ ಸಂದರ್ಭಗಳಲ್ಲಿ ಬೇಡ ಎನ್ನುವುದೇ ನಮ್ಮ ಅಭಿಪ್ರಾಯ. ಮದುವೆಯ ದಿಬ್ಬಣದಲ್ಲಿ ನಾಲ್ಕು ಜನ ನೋಡಲೆಂದು ಕೊಳ್ಳುವುದಾದರಂತೂ ಖಂಡಿತ ಬೇಡ. ಅದೇ ಹಣಕ್ಕೆ ಹೊಸ ಸಣ್ಣ ಕಾರು ಬರುತ್ತದೆ, ವಾರಂಟಿಯೊಂದಿಗೆ.

ಆದರೂ ಮನಸ್ಸು ಕೇಳದಿದ್ದರೆ ಮುಂಗಡ ಕೊಡುವ ಮುನ್ನ ಕೆಲವನ್ನಾದರೂ ನೋಡಿ. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ಕೆಸರಿನ ಗೆರೆ ಕಾಣಬಹುದು. ಆಸನದ ಅಡಿಯ ಬೋಲ್ಟುಗಳ ತುಕ್ಕು ಸುಳ್ಳು ಹೇಳುವುದಿಲ್ಲ. ಚಾಸಿ ಸಂಖ್ಯೆ ಹಿಡಿದು ಆ ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಹಿಂದಿನ ದಾಖಲೆ ಕೇಳಿ, ಹಳೆಯ ವಿಮಾ ಪಾಲಿಸಿಗಳನ್ನು ತರಿಸಿ. ನಡುವೆ ಒಂದು ವರ್ಷ ವಿಮೆಯೇ ಇಲ್ಲವೆಂದರೆ ಕಾರಣ ಕೇಳಿ. ಹೊರರಾಜ್ಯದ ಕಾರಾದರೆ ಇಲ್ಲಿನ ತೆರಿಗೆಯನ್ನೂ ಲೆಕ್ಕಕ್ಕೆ ಸೇರಿಸಿ. 2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ವ್ಯಾಪಾರಿಗಳು ಸಾರಿಗೆ ಇಲಾಖೆಯ ಅಧಿಕೃತ ಪತ್ರ ಹೊಂದಿರಬೇಕೆಂಬ ನಿಯಮ ಬಂದಿದೆ, ಅದನ್ನು ತೋರಿಸಲು ಹೇಳಿ. ಕೊನೆಗೆ, ಈ ವಾಹನ ಟೋಟಲ್ ಲಾಸ್ ಆಗಿಲ್ಲ, ನೀರಿನಲ್ಲಿ ಮುಳುಗಿಲ್ಲ ಎಂದು ಛಾಪಾ ಕಾಗದದ ಮೇಲೆ ಬರೆದು ಸಹಿ ಹಾಕುವಂತೆ ಮಾರುವವರನ್ನು ಕೇಳಿ. ಅವರ ಕೈ ತಡವರಿಸಿದರೆ, ಚಹಾ ಕುಡಿದು ಸಲಾಂ ಹೇಳಿ ಬಸ್ಸು ಹತ್ತಿ ಊರಿಗೆ ಮರಳಿ.